ಕರಾಚಿಯಿಂದ ಜುಹುವಿಗೆ: ಜೆ. ಆರ್. ಡಿ. ಟಾಟಾ ಅವರ ಜೀವನ

ಊರನ್ನು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮವರು ದೂರವನ್ನು ಮೈಲಿಗಳಲ್ಲಾಗಲಿ ಕಿಲೋಮೀಟರುಗಳಲ್ಲಾಗಲಿ ಎಣಿಸುವವರಲ್ಲ. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕುಳಿತವರನ್ನು ಊರೆಷ್ಟು ದೂರವೆಂದು ಕೇಳಿದರೆ, ಒಂದು ರಾತ್ರಿಯ ಪ್ರಯಾಣವೆಂದೊ ಒಂದು ಹಗಲು ಒಂದು ರಾತ್ರಿಯ ಪ್ರಯಾಣವೆಂದೊ ಉತ್ತರ ಬರುತ್ತದೆ. ಹಿಂದಿನವರು ಮುಂಬಯಿಯಿಂದ ಮಂಗಳೂರಿಗೆ ಹಡಗಿನಲ್ಲಿ ಹೋಗುತ್ತಿದ್ದರು. ಮಳೆಗಾಲ ಬಂತೆಂದರೆ ಆ ಹಡಗೂ ನಿಲ್ಲುತ್ತಿತ್ತು. ಊರು ಇದ್ದಲ್ಲಿಯೇ ಇರುತ್ತಿತ್ತು, ಆದರೆ ಆ ನಾಲ್ಕು ತಿಂಗಳು ಅದು ಇನ್ನಷ್ಟು ದೂರ ಸರಿದಂತೆ ತೋರುತ್ತಿತ್ತು. 1951ರ ಡಿಸೆಂಬರ್ 25ರಂದು ಬಜಪೆಯ ವಿಮಾನ ನಿಲ್ದಾಣ ತೆರೆಯಿತು; 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ಮುಂಬಯಿಗೂ ಮಂಗಳೂರಿಗೂ ಆಕಾಶಮಾರ್ಗವಾಗಿ ಸುಮಾರು 715 ಕಿಲೋಮೀಟರ್. ಆ ಸಂಖ್ಯೆ ಅಂದಿಗೂ ಇಂದಿಗೂ ಒಂದೇ. ಬದಲಾದದ್ದು ಅದನ್ನು ದಾಟಲು ಹಿಡಿಯುವ ಕಾಲ ಮಾತ್ರ.

ದೂರವು ಭೂಮಿಯಿಂದ ನಿಶ್ಚಿತವಾದುದು. ಕಾಲವಾದರೋ ಮನುಷ್ಯರ ಕೈಯಲ್ಲಿರುವುದು. ಈ ಮಾತು ಎಷ್ಟು ಸತ್ಯವೆಂಬುದನ್ನು ತಿಳಿಯಬೇಕಾದರೆ ನಮ್ಮ ದೇಶದಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಣ ಕಾಲವನ್ನು ಮೊದಲಾಗಿ ಕ್ರಮಕ್ಕೆ ತಂದ ಮಹನೀಯರ ಜೀವನವನ್ನು ನೋಡಬೇಕು. ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರನ್ನು ಉಕ್ಕು, ಮೋಟಾರು ಮುಂತಾದ ದೊಡ್ಡ ಕಾರ್ಖಾನೆಗಳ ಒಡೆಯರೆಂದು ಎಲ್ಲರೂ ಬಲ್ಲರು. ನಾವು ಇಲ್ಲಿ ಹೇಳಲಿರುವುದು ಆ ವೈಭವದ ಕಥೆಯನ್ನಲ್ಲ, ಕರಾಚಿಯಿಂದ ಜುಹುವಿಗೆ ಅಂಚೆಚೀಲವನ್ನು ಹೊತ್ತು ತಂದ ಒಬ್ಬ ವೈಮಾನಿಕರ ಕಥೆಯನ್ನು.

ಟಾಟಾ ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯಿ ಟಾಟಾ ಅವರು ಪಾರ್ಸಿ ವ್ಯಾಪಾರಿಗಳು, ಜಮ್ಸೆಟ್‌ಜಿ ಟಾಟಾ ಅವರ ಬಂಧುಗಳು. ತಾಯಿ ಸುಜಾನ್ ಬ್ರಿಯೇರ್ ಅವರು ಫ್ರೆಂಚ್ ಮಹಿಳೆ. ಮದುವೆಯ ತರುವಾಯ ಸೂನಿ ಎಂಬ ಹೆಸರನ್ನು ಧರಿಸಿದರು. ಈ ಕುಟುಂಬಕ್ಕೆ ಒಂದೇ ಊರೆಂಬುದು ಇರಲಿಲ್ಲ. ಬಾಲಕನ ಬಾಲ್ಯವೆಲ್ಲ ಪ್ಯಾರಿಸ್, ಮುಂಬಯಿ, ಜಪಾನಿನ ಯೊಕೊಹಾಮ, ಹೀಗೆ ಊರಿಂದೂರಿಗೆ ಕಳೆಯಿತು; ಮನೆಯಲ್ಲಿ ಆಡಿದ ಮೊದಲ ಭಾಷೆ ಫ್ರೆಂಚ್. ಒಂದು ದಡದಲ್ಲಿ ತಂದೆ, ಇನ್ನೊಂದು ದಡದಲ್ಲಿ ಮಕ್ಕಳು, ನಡುವೆ ವಾರಗಟ್ಟಲೆಯ ಸಮುದ್ರಪ್ರಯಾಣ. ಇದು ಆ ಮನೆಗೆ ಹೊಸತಲ್ಲ. ಸಿರಿವಂತಿಕೆಯಲ್ಲಿ ನಮಗೂ ಅವರಿಗೂ ಅಜಗಜಾಂತರ. ಆದರೆ ಮನೆಯವರಿಂದ ದೂರವಿರುವ ಸಂಕಟಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ಫ್ರಾನ್ಸಿನ ಉತ್ತರ ತೀರದಲ್ಲಿ ಹಾರ್ಡೆಲೋ ಎಂಬ ಊರಿದೆ. ಟಾಟಾ ಕುಟುಂಬ ಬೇಸಗೆಯನ್ನು ಅಲ್ಲಿ ಕಳೆಯುತ್ತಿತ್ತು. ನೆರೆಯಲ್ಲಿದ್ದವರು ಲೂಯಿ ಬ್ಲೆರಿಯೋ. ಈ ಬ್ಲೆರಿಯೋ ಅವರೇ 1909ರ ಜುಲೈ 25ರಂದು ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವಣ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊಟ್ಟಮೊದಲು ದಾಟಿದವರು. ಅವರಿಗೆ ಹಿಡಿದ ಕಾಲ ಸುಮಾರು 36 ನಿಮಿಷ. ಶತಮಾನಗಳಿಂದ ಗಾಳಿ ಅಲೆಗಳ ಮರ್ಜಿಗೆ ಬಿಟ್ಟಿದ್ದ ಆ ನೀರು ಒಂದು ಬೆಳಿಗ್ಗೆ ಅರ್ಧ ಗಂಟೆಯ ಹಾದಿಯಾಯಿತು. ಹಾರ್ಡೆಲೋದ ಮರಳಿನ ಮೇಲೆ ಇಳಿಯುವ ವಿಮಾನಗಳನ್ನು ನೋಡುತ್ತ ಬೆಳೆದ ಬಾಲಕ ತನ್ನ ಹದಿನೈದನೆಯ ವಯಸ್ಸಿನಲ್ಲಿ ಅಲ್ಲಿಯೇ ಮೊದಲ ಬಾರಿಗೆ ವಿಮಾನವೇರಿ ಒಂದು ಸುತ್ತು ಹಾರಿಬಂದನು. ಆ ಆಸೆ ಮತ್ತೆಂದೂ ಅವನನ್ನು ಬಿಡಲಿಲ್ಲ.

ಮುಂದಿನ ವರ್ಷಗಳು ಸುಖದವಲ್ಲ. 1923ರಲ್ಲಿ ತಾಯಿ ತೀರಿಕೊಂಡರು. ಟಾಟಾ ಅವರು ಫ್ರೆಂಚ್ ಸೈನ್ಯದಲ್ಲಿ ಒಂದು ವರ್ಷ ಕಡ್ಡಾಯ ಸೇವೆ ಮಾಡಿದರು. ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದಬೇಕೆಂಬ ಬಯಕೆಯಿತ್ತು. ಆದರೆ ತಂದೆಯ ಕರೆಗೆ ಓಗೊಟ್ಟು 1925ರಲ್ಲಿ ಮುಂಬಯಿಗೆ ಬಂದು, ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಉಮೇದುವಾರರಾಗಿ ಕೆಲಸಕ್ಕೆ ಸೇರಿದರು. ಮರುವರ್ಷವೇ ತಂದೆಯೂ ಕಾಲವಶರಾದರು. ಇಪ್ಪತ್ತೆರಡರ ಹರೆಯದಲ್ಲಿ ಮನೆಯ ಭಾರವೂ ಸಂಸ್ಥೆಯ ಹೊಣೆಯೂ ಒಟ್ಟಿಗೆ ಹೆಗಲಿಗೇರಿದವು. ಕಾಲೇಜಿನ ಪದವಿ ತಮಗಿಲ್ಲವೆಂಬ ಕೊರಗು ಅವರಿಗೆ ಬಹುಕಾಲ ಇತ್ತೆಂದು ಅವರನ್ನು ಬಲ್ಲವರು ಹೇಳಿದ್ದಾರೆ. ಆ ಕೊರತೆಯನ್ನು ಅವರು ಓದಿನಿಂದಲೂ ದುಡಿಮೆಯಿಂದಲೂ ತುಂಬಿಕೊಂಡರು. 1929ರಲ್ಲಿ ಫ್ರೆಂಚ್ ಪೌರತ್ವವನ್ನು ತ್ಯಜಿಸಿದರು.

ಅದೇ 1929ರ ಫೆಬ್ರವರಿ 10ರಂದು ಅವರಿಗೆ ವಿಮಾನ ನಡೆಸುವ ಪರವಾನಗಿ ದೊರೆಯಿತು. ಭಾರತದಲ್ಲಿ ನೀಡಲಾದ ಅಂಥ ಪರವಾನಗಿಗಳಲ್ಲಿ ಅದರದು ಮೊದಲನೆಯ ಸಂಖ್ಯೆ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರುವ ಭಾರತೀಯನಿಗೆ ಆಗಾಖಾನರು ಆಗಲೇ ಒಂದು ಬಹುಮಾನವನ್ನು ಘೋಷಿಸಿದ್ದರು. 1930ರಲ್ಲಿ ಟಾಟಾ ಅವರು ಕರಾಚಿಯಿಂದ ಲಂಡನ್ನಿನತ್ತ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಪಾರ್ಸಿ ತರುಣರು ಅತ್ತಣಿಂದ ಕರಾಚಿಯತ್ತ ಹೊರಟಿದ್ದರು. ಈಜಿಪ್ಟಿನ ಅಬುಕಿರ್‌ನಲ್ಲಿ ಇಬ್ಬರೂ ಸಂಧಿಸಿದರು. ಎಂಜಿನಿಗೆ ಬೇಕಾದ ಸ್ಪಾರ್ಕ್ ಪ್ಲಗ್ ಇಲ್ಲದೆ ಆಸ್ಪಿ ಅವರ ವಿಮಾನ ಅಲ್ಲಿ ನಿಂತುಬಿಟ್ಟಿತ್ತು. ಟಾಟಾ ಅವರು ತಮ್ಮಲ್ಲಿದ್ದುದನ್ನು ಕೊಟ್ಟು ಮುಂದೆ ಸಾಗಿದರು. ಆಸ್ಪಿ ಅವರು ಕರಾಚಿಯನ್ನು ಮುಟ್ಟಿದ ಕೆಲವೇ ಗಂಟೆಗಳ ತರುವಾಯ ಟಾಟಾ ಅವರು ಲಂಡನ್ನನ್ನು ಮುಟ್ಟಿದರು. ಬಹುಮಾನ ಆಸ್ಪಿ ಅವರ ಪಾಲಾಯಿತು. ಆ ಆಸ್ಪಿ ಅವರೇ ಮುಂದೆ 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥರಾದರು. ಗಂಟೆಗಳ ಲೆಕ್ಕದಲ್ಲಿ ಟಾಟಾ ಅವರು ಸೋತ ಪಂದ್ಯವಿದು. ಮನುಷ್ಯತ್ವದ ಲೆಕ್ಕದಲ್ಲಿ ಅವರು ಸೋತರೆಂದು ಯಾರೂ ಹೇಳಲಾರರು.

ಈಗ ಕರಾಚಿಯ ಅಂಚೆಯ ವಿಷಯಕ್ಕೆ ಬರೋಣ. 1929ರ ಮಾರ್ಚಿಯಿಂದ ಲಂಡನ್ ಮತ್ತು ಕರಾಚಿಯ ನಡುವೆ ಬ್ರಿಟಿಷ್ ಸಂಸ್ಥೆಯೊಂದರ ವಿಮಾನಸೇವೆ ನಡೆಯುತ್ತಿತ್ತು. ಅಲ್ಲಿಂದ ಇಲ್ಲಿಗೆ ಏಳು ದಿನ. ಸಮುದ್ರವನ್ನೂ ಅರಬರ ಮರುಭೂಮಿಯನ್ನೂ ದಾಟಿ ವಾರದಲ್ಲಿ ಬಂದ ಕಾಗದ ಕರಾಚಿಯಲ್ಲಿ ಇಳಿದ ಮೇಲೆ ರೈಲನ್ನು ಕಾಯಬೇಕು. ಸಿಂಧದ ಮರುಭೂಮಿಯನ್ನೂ ಕಚ್ಛದ ರಣವನ್ನೂ ಬಳಸಿಕೊಂಡು ರೈಲು ಮುಂಬಯಿಗೆ, ಅಲ್ಲಿಂದ ಮದರಾಸಿಗೆ ಬರುವಷ್ಟರಲ್ಲಿ ಇನ್ನೂ ದಿನಗಳು ಕಳೆಯುತ್ತಿದ್ದವು. ವಾಯುಸೇನೆಯಲ್ಲಿದ್ದು ನಿವೃತ್ತರಾಗಿ ಭಾರತಕ್ಕೆ ಬಂದಿದ್ದ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ಈ ಕೊರತೆಯನ್ನು ಕಂಡು, ಕರಾಚಿಯಿಂದ ಮದರಾಸಿನ ವರೆಗೆ ವಿಮಾನದಲ್ಲಿ ಅಂಚೆಯನ್ನು ಸಾಗಿಸುವ ಒಂದು ಯೋಜನೆಯನ್ನು ಟಾಟಾ ಅವರ ಮುಂದಿರಿಸಿದರು. ಸಂಸ್ಥೆಯ ಹಿರಿಯರಾದ ಸರ್ ದೋರಾಬ್‌ಜಿ ಟಾಟಾ ಅವರು ಮೊದಲು ಹಿಂಜರಿದರು. ಬೇಕಾದ ಬಂಡವಾಳ ಸುಮಾರು ಎರಡು ಲಕ್ಷ ರೂಪಾಯಿ. ಕೊನೆಗೆ ಒಪ್ಪಿಗೆ ಸಿಕ್ಕಿತು. ಸರಕಾರವು ಸಹಾಯಧನ ಕೊಡಲು ಒಪ್ಪಲಿಲ್ಲ, ಸಾಗಿಸಿದ ಅಂಚೆಯ ತೂಕಕ್ಕೆ ತಕ್ಕ ಹಣ ಮಾತ್ರ ದೊರೆಯಬೇಕು ಎಂಬ ಕರಾರಾಯಿತು. ಮೂರು ವರ್ಷಗಳ ಪತ್ರವ್ಯವಹಾರದ ಬಳಿಕ, 1932ರಲ್ಲಿ, ಕೆಲಸ ಆರಂಭವಾಯಿತು.

1932ರ ಅಕ್ಟೋಬರ್ 15ರ ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಪಸ್ ಮಾತ್ ಎಂಬ ಒಂಟಿ ಎಂಜಿನಿನ ಸಣ್ಣ ವಿಮಾನ ಮೇಲೆದ್ದಿತು. ನಡೆಸುವವರು ಟಾಟಾ ಅವರೊಬ್ಬರೇ. ಹೊರೆ ಸುಮಾರು 25 ಕಿಲೋಗ್ರಾಂ ಅಂಚೆ. ವೇಗ ಗಂಟೆಗೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್. ರೇಡಿಯೋ ಇಲ್ಲ, ದಾರಿ ತೋರುವ ದೀಪಗಳಿಲ್ಲ. ಕೆಳಗಿನ ಕರಾವಳಿ, ನದಿ, ರೈಲುಹಳಿ ಇವನ್ನೇ ಗುರುತು ಹಿಡಿದು ಸಾಗಬೇಕು.

ಕರಾಚಿಯಿಂದ ಮುಂಬಯಿಗೆ ನೇರವಾಗಿ ಗೆರೆ ಎಳೆದರೆ ಸುಮಾರು 870 ಕಿಲೋಮೀಟರ್. ಆದರೆ ಆ ವಿಮಾನ ನೇರಗೆರೆಯಲ್ಲಿ ಬರಲಿಲ್ಲ. ನಡುವೆ ಇಂಧನಕ್ಕಾಗಿ ಅಹಮದಾಬಾದಿನಲ್ಲಿ ಇಳಿಯಬೇಕಿತ್ತು. ಕರಾಚಿಯಿಂದ ಅಹಮದಾಬಾದಿಗೆ 590, ಅಲ್ಲಿಂದ ಜುಹುವಿಗೆ 440, ಒಟ್ಟು ಸುಮಾರು 1,030 ಕಿಲೋಮೀಟರ್. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು! ಆಕಾಶದಲ್ಲಿ ಹಾರುವ ಯಂತ್ರಕ್ಕೆ ಎತ್ತುಗಳು ಅನ್ನವಿಕ್ಕಿದ ಆ ದೃಶ್ಯವನ್ನು ವಾಚಕರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ವಿಮಾನ ಜುಹುವಿನ ನೆಲವನ್ನು ಮುಟ್ಟಿತು. ಹೊರಟಲ್ಲಿಂದ ಇಳಿದಲ್ಲಿಗೆ ಏಳೂಕಾಲು ಗಂಟೆ.

ಅಂಚೆ ಅಲ್ಲಿಗೇ ನಿಲ್ಲಲಿಲ್ಲ. ಜುಹುವಿನಿಂದ ಮುಂದೆ ಅದನ್ನು ಒಯ್ದವರು ವಿನ್ಸೆಂಟ್. ಅವರು ಆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಮುಂಬಯಿಗೂ ಮದರಾಸಿಗೂ ನಡುವೆ, ಒಂದು ಕಡೆಗೆ ಸುಮಾರು 610, ಇನ್ನೊಂದು ಕಡೆಗೆ 430 ಕಿಲೋಮೀಟರ್ ದೂರದಲ್ಲಿರುವ ಬಳ್ಳಾರಿ ಈ ಮಾರ್ಗದ ತಂಗುದಾಣವಾಯಿತು. ಮರುದಿನ ಅಂಚೆ ಮದರಾಸನ್ನು ಸೇರಿತು. ಭಾರತೀಯ ಸಂಸ್ಥೆಯೊಂದು ನಡೆಸಿದ ಮೊದಲ ಕ್ರಮಬದ್ಧ ವಿಮಾನಸೇವೆ ಕನ್ನಡನಾಡಿನ ನೆಲದಲ್ಲಿಯೂ ಇಳಿದು ಎದ್ದಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಎರಡು ನಿಲ್ದಾಣಗಳ ನಡುವಣ ಕಾಲವನ್ನು ಮೊದಲೇ ಹೇಳಿ, ಹೇಳಿದಂತೆ ನಡೆಸುವುದು ಆ ದಿನಗಳಲ್ಲಿ ಎಷ್ಟು ಕಷ್ಟವೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ. 1,030 ಕಿಲೋಮೀಟರ್ ದಾರಿಯನ್ನು 160 ಕಿಲೋಮೀಟರ್ ವೇಗದಲ್ಲಿ ಕ್ರಮಿಸಿದರೆ ಹಾರಾಟಕ್ಕೆ ಸುಮಾರು ಆರೂವರೆ ಗಂಟೆ ಸಾಕು. ಗಂಟೆಗೆ 30 ಕಿಲೋಮೀಟರ್ ಗಾಳಿ ಎದುರಿನಿಂದ ಬೀಸಿದರೆ ಅದೇ ದಾರಿ ಸುಮಾರು ಎಂಟು ಗಂಟೆಯಾಗುತ್ತದೆ. ಹಿಂದಿನಿಂದ ಬೀಸಿದರೆ ಐದೂವರೆ ಗಂಟೆಗೆ ಇಳಿಯುತ್ತದೆ. ಒಂದು ಗಾಳಿಯಿಂದ ಎರಡೂವರೆ ಗಂಟೆಯ ವ್ಯತ್ಯಾಸ! ಇಂದಿನ ಜೆಟ್ ವಿಮಾನ ಗಂಟೆಗೆ 850 ಕಿಲೋಮೀಟರ್ ವೇಗದಲ್ಲಿ ಹಾರುವುದರಿಂದ, ಅದೇ ಗಾಳಿ ನೇರ ಕರಾಚಿ ಮುಂಬಯಿ ದಾರಿಯಲ್ಲಿ ನಾಲ್ಕೈದು ನಿಮಿಷಗಳ ಅಂತರವನ್ನು ಮಾತ್ರ ಉಂಟುಮಾಡೀತು. ನೆಲದ ಮೇಲಿನ ಕಾಲವೂ ಇದೆ. ವಿಮಾನ ನಿಂತಲ್ಲಿಂದ ಸಾಗಿ ಹಾದಿಯನ್ನು ಹಿಡಿದು ಏರುವುದು, ಇಳಿದ ಮೇಲೆ ಬಂದು ನಿಲ್ಲುವುದು, ಇವೆಲ್ಲ ಲೆಕ್ಕಕ್ಕೆ ಸೇರಬೇಕು. ಆದುದರಿಂದಲೇ ಟಿಕೆಟಿನಲ್ಲಿ ಕಾಣುವ ಕಾಲ ಆಕಾಶದಲ್ಲಿ ಕಳೆಯುವ ಕಾಲಕ್ಕಿಂತ ಯಾವಾಗಲೂ ಹೆಚ್ಚು. ಹೋಟೆಲಿನ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೋಸೆ ಬೇಯುವುದು ಮೂರು ನಿಮಿಷವಾದರೂ ಗಿರಾಕಿಯ ಮೇಜಿಗೆ ಅದು ಬರಲು ಹತ್ತು ನಿಮಿಷ ಬೇಕಾಗುವುದುಂಟು!

ಜುಹುವಿನಲ್ಲಿ ಈ ಸೇವೆಗೆ ಇದ್ದ ಕಟ್ಟಡ ತಾಳೆಗರಿ ಹೊದಿಸಿದ ಒಂದು ಚಪ್ಪರ. ಮಳೆಗಾಲದಲ್ಲಿ ನಿಲ್ದಾಣ ನೀರಲ್ಲಿ ಮುಳುಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಎಲ್ಲವೂ ಪುಣೆಗೆ ಸ್ಥಳಾಂತರವಾಗುತ್ತಿತ್ತು. ಹೀಗಿದ್ದರೂ ಮೊದಲ ಪೂರ್ಣ ವರ್ಷವಾದ 1933ರಲ್ಲಿ ಈ ಸಂಸ್ಥೆ 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನೂ ಹತ್ತು ಟನ್ನಿಗೆ ಮೀರಿದ ಅಂಚೆಯನ್ನೂ ಸಾಗಿಸಿ, 60,000 ರೂಪಾಯಿ ಲಾಭ ಗಳಿಸಿತು. ಹೇಳಿದ ಹೊತ್ತಿಗೆ ಅಂಚೆಯನ್ನು ಮುಟ್ಟಿಸಿದ ಶಿಸ್ತನ್ನು ಸರಕಾರದ ವಿಮಾನಯಾನ ಇಲಾಖೆಯೂ ಮೆಚ್ಚಿಕೊಂಡಿತು. ಟಾಟಾ ಅವರ ದೊಡ್ಡತನ ವೇಗದಲ್ಲಿಲ್ಲ, ಅವರಿಗಿಂತ ವೇಗವಾಗಿ ಹಾರಿದವರು ಆಗಲೂ ಬಹಳ ಮಂದಿ ಇದ್ದರು. ಬರುತ್ತೇವೆಂದ ಹೊತ್ತಿಗೆ ಬರುವುದರಲ್ಲಿ ಅದು ಇದ್ದಿತು. ಕಾಗದವನ್ನು ಕಾಯುವವನಿಗೆ ಬೇಕಾದುದೂ ಅದೇ ಅಲ್ಲವೆ?

1938ರಲ್ಲಿ, ಮೂವತ್ತನಾಲ್ಕು ತುಂಬುವ ಹೊತ್ತಿಗೆ, ಟಾಟಾ ಅವರು ಇಡೀ ಟಾಟಾ ಸಂಸ್ಥೆಯ ಅಧ್ಯಕ್ಷರಾದರು. ಯೋಜನೆಯ ಮೂಲಪುರುಷರಾದ ವಿನ್ಸೆಂಟ್ ಅವರು 1942ರಲ್ಲಿ ಯುದ್ಧದ ನಡುವೆ ವಿಮಾನದೊಂದಿಗೆ ಮರಣ ಹೊಂದಿದರು. ಟಾಟಾ ಅವರು ಅವರ ಋಣವನ್ನು ಎಂದೂ ಮರೆಯದೆ, ಈ ದೇಶದ ವಿಮಾನಸೇವೆಯ ಕೀರ್ತಿಯಲ್ಲಿ ಅವರಿಗೆ ಪಾಲು ಕೊಡುತ್ತ ಬಂದರು. 1946ರಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು. 1948ರ ಜೂನ್ 8ರ ರಾತ್ರಿ ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಮುಂಬಯಿಯಿಂದ ಹೊರಟು, ಕೈರೋ, ಜಿನೀವಾ ಮಾರ್ಗವಾಗಿ ಜೂನ್ 10ರ ಬೆಳಿಗ್ಗೆ ಲಂಡನ್ನನ್ನು ಸೇರಿತು. ಹತ್ತೊಂಬತ್ತು ವರ್ಷಗಳ ಹಿಂದೆ ಕರಾಚಿಗೆ ಏಳು ದಿನ ಹಿಡಿಯುತ್ತಿದ್ದ ಹಾದಿ ಎರಡು ರಾತ್ರಿಗಳೂ ನಡುವಣ ಒಂದು ಹಗಲೂ ಆಗಿ ಕುಗ್ಗಿತು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದ ಮೇಲೆ ಅದು ಇನ್ನೂ ಕುಗ್ಗಿತು.

1953ರಲ್ಲಿ ಸರಕಾರವು ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಣ ಮಾಡಿತು. ಟಾಟಾ ಅವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆದರೂ ಕೈಚೆಲ್ಲದೆ, ಏರ್ ಇಂಡಿಯಾದ ಅಧ್ಯಕ್ಷರಾಗಿ ಸಂಬಳವಿಲ್ಲದೆ ಇಪ್ಪತ್ತೈದು ವರ್ಷ ದುಡಿದರು. ಪ್ರಯಾಣ ಮಾಡುವಾಗಲೆಲ್ಲ ಕಂಡ ಕುಂದುಗಳನ್ನು ಬರೆದಿಟ್ಟು ಸಂಬಂಧಪಟ್ಟವರಿಗೆ ಕಳಿಸುತ್ತಿದ್ದರು. ಆಸನ ಎಷ್ಟು ಒರಗುತ್ತದೆ, ಪರದೆ ಕೊಳೆಯಾಗಿದೆಯೆ, ಶೌಚಗೃಹ ಶುಚಿಯಾಗಿದೆಯೆ, ಕೊಟ್ಟ ಚಹಾದ ಬಣ್ಣ ಕಾಫಿಯ ಬಣ್ಣದಂತೆಯೇ ಏಕಿದೆ ಎಂಬುದು ಕೂಡ ಆ ಟಿಪ್ಪಣಿಗಳಲ್ಲಿ ಇರುತ್ತಿತ್ತು. ದೊಡ್ಡ ಸಂಸ್ಥೆಗಳ ಒಡೆಯರೊಬ್ಬರು ಚಹಾದ ಬಣ್ಣವನ್ನು ನೋಡುತ್ತಿದ್ದರೆಂಬುದು ನಮ್ಮ ಹೋಟೆಲು ಬಂಧುಗಳಿಗೆ ನಗು ತರಬಹುದು. ಆದರೆ ಅಡಿಗೆಮನೆಯ ಅನುಭವವುಳ್ಳವರು ಆ ನಗುವಿನ ಹಿಂದೆಯೇ ತಲೆದೂಗುವರು. ಹೆಸರು ಉಳಿಯುವುದೂ ಅಳಿಯುವುದೂ ಅಲ್ಲಿಯೇ.

1978ರ ಫೆಬ್ರವರಿಯಲ್ಲಿ ಅಂದಿನ ಕೇಂದ್ರ ಸರಕಾರವು ಅವರನ್ನು ಅಧ್ಯಕ್ಷಪದವಿಯಿಂದ ಬಿಡಿಸಿತು. ಸುದ್ದಿ ಅವರಿಗೆ ತಿಳಿದದ್ದು ಸರಕಾರದಿಂದ ನೇರವಾಗಿ ಅಲ್ಲ. ಅವರ ಸ್ಥಾನಕ್ಕೆ ಬರಲಿದ್ದವರಿಂದ. ತಾವೇ ಹುಟ್ಟುಹಾಕಿ ಬೆಳೆಸಿದ ಸಂಸ್ಥೆಯಿಂದ ಹೀಗೆ ಹೊರಬಂದಾಗ ಅವರಿಗೆ ಎಪ್ಪತ್ತಮೂರು ವರ್ಷ. ಎರಡು ವರ್ಷಗಳ ತರುವಾಯ ಅವರನ್ನು ಮತ್ತೆ ಆಡಳಿತ ಮಂಡಲಿಗೆ ಸೇರಿಸಿಕೊಳ್ಳಲಾಯಿತಾದರೂ ಅಧ್ಯಕ್ಷಪದವಿ ಮರಳಲಿಲ್ಲ. ಬಹುಕಾಲ ದುಡಿದ ಮನೆಯಿಂದ ಒಂದು ಮಾತೂ ಕೇಳದೆ ಹೊರನಡೆಯಬೇಕಾದವನ ನೋವನ್ನು ನಮ್ಮ ವಾಚಕರಲ್ಲಿ ಕೆಲವರು ಸ್ವಂತ ಅನುಭವದಿಂದ ಬಲ್ಲರು.

ಅವರು ಆ ನೋವಿಗೆ ಕೊಟ್ಟ ಉತ್ತರವೇ ಸೊಗಸಾದುದು. ಮೊದಲ ಹಾರಾಟದ ಮೂವತ್ತನೆಯ ವರ್ಷವಾದ 1962ರಲ್ಲಿ ಅವರು ಹಳೆಯ ದಾರಿಯಲ್ಲಿ ಒಮ್ಮೆ ಹಾರಿದ್ದರು. ಐವತ್ತು ವರ್ಷ ತುಂಬಿದ 1982ರ ಅಕ್ಟೋಬರ್ 15ರಂದು, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಲೆಪರ್ಡ್ ಮಾತ್ ಎಂಬ ಹಳೆಯ ಕಾಲದ ಸಣ್ಣ ವಿಮಾನವನ್ನೇರಿ ಒಬ್ಬರೇ ಮತ್ತೆ ಕರಾಚಿಯಿಂದ ಅಹಮದಾಬಾದಿನ ಮೂಲಕ ಜುಹುವಿಗೆ ಬಂದು ಇಳಿದರು. ಆಗ ಜೆಟ್ ವಿಮಾನಗಳು ಎಲ್ಲೆಡೆ ಹಾರಾಡುತ್ತಿದ್ದವು. ಬೇಗ ಬರಬೇಕೆಂಬುದು ಅವರ ಉದ್ದೇಶವಲ್ಲ. ಎಳೆಯರ ಮನಸ್ಸಿನಲ್ಲಿ ಹಳೆಯ ಉತ್ಸಾಹದ ಒಂದು ಕಿಡಿಯನ್ನು ಹೊತ್ತಿಸಬೇಕೆಂಬುದೇ ಅವರ ಬಯಕೆಯಾಗಿತ್ತು. ಆದರೆ ಐವತ್ತು ವರ್ಷಗಳಲ್ಲಿ ಒಂದು ವಿಷಯ ಬದಲಾಗಿತ್ತು. 1932ರಲ್ಲಿ ಹೊರಟ ಊರೂ ಸೇರಿದ ಊರೂ ಒಂದೇ ನಾಡಿನವು. 1982ರಲ್ಲಿ ಅವುಗಳ ನಡುವೆ ಎರಡು ದೇಶಗಳ ಗಡಿಯಿತ್ತು.

1992ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಬಂತು. 1993ರ ನವೆಂಬರ್ 29ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಜಿನೀವಾದಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟಿದ ಪ್ಯಾರಿಸ್ ನಗರದಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು. ಅವರು ಕಟ್ಟಿದ ಏರ್ ಇಂಡಿಯಾ 2022ರ ಜನವರಿ 27ರಂದು ಟಾಟಾ ಸಂಸ್ಥೆಯ ಕೈಗೆ ಮರಳಿತು. ಅದನ್ನು ನೋಡಲು ಅವರು ಇರಲಿಲ್ಲ.

ಕೊನೆಯದಾಗಿ ಆ ಎರಡು ನಿಲ್ದಾಣಗಳ ಮಾತು. ಕರಾಚಿಗೂ ಮುಂಬಯಿಗೂ ನಡುವಣ ನೇರ ದೂರ ಇಂದಿಗೂ 870 ಕಿಲೋಮೀಟರೇ. ಜೆಟ್ ವಿಮಾನಕ್ಕೆ ಅದು ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆದರೆ ಈಗ ಆ ದಾರಿಯಲ್ಲಿ ನೇರ ವಿಮಾನಸೇವೆಯಿಲ್ಲ. ಹೋಗಲೇಬೇಕಾದವನು ಮೊದಲು ಸುಮಾರು 1,900 ಕಿಲೋಮೀಟರ್ ಹಾರಿ ದುಬಾಯಿಯನ್ನು ಸೇರಬೇಕು; ಅಲ್ಲಿ ಕಾದು ಕುಳಿತು, ಇನ್ನೊಂದು ವಿಮಾನ ಹಿಡಿದು, ಮತ್ತೆ ಸುಮಾರು 1,200 ಕಿಲೋಮೀಟರ್ ಹಿಂದಕ್ಕೆ ಬರಬೇಕು. ಎಲ್ಲವನ್ನೂ ಕೂಡಿಸಿದರೆ, ಎತ್ತಿನ ಗಾಡಿಯಿಂದ ಪೆಟ್ರೋಲು ತುಂಬಿಸಿಕೊಂಡು ಬಂದ ಪಸ್ ಮಾತ್ ವಿಮಾನದ ಏಳೂಕಾಲು ಗಂಟೆಗಿಂತ ಕಡಿಮೆ ಕಾಲದಲ್ಲಿ ಆ ಪ್ರಯಾಣ ಮುಗಿಯುವುದು ಕಷ್ಟ. ಯಂತ್ರ ಐದು ಪಟ್ಟು ವೇಗವನ್ನು ಪಡೆಯಿತು. ಮನುಷ್ಯರು ಆ ವೇಗವನ್ನೆಲ್ಲ ತಾವೇ ನುಂಗಿಬಿಟ್ಟರು.

ಊರಿಗೆ ಹೋಗುವ ಟಿಕೆಟನ್ನು ಕೈಯಲ್ಲಿ ಹಿಡಿದಾಗ ಅದರ ಮೇಲೆ ಅಚ್ಚಾಗಿರುವ ಎರಡು ವೇಳೆಗಳನ್ನು ನಾವು ನೋಡುತ್ತೇವೆ. ಹೊರಡುವುದು ಒಂದು, ಸೇರುವುದು ಇನ್ನೊಂದು. ಆ ಎರಡು ಸಂಖ್ಯೆಗಳ ಹಿಂದೆ ಗಾಳಿಯನ್ನು ಲೆಕ್ಕ ಹಾಕಿದವರು, ಡಬ್ಬಿ ಹೊತ್ತವರು, ಬಳ್ಳಾರಿಯ ರಾತ್ರಿಯಲ್ಲಿ ಅಂಚೆಯನ್ನು ಕಾಯ್ದವರು, ಕೊಟ್ಟ ಮಾತಿಗೆ ತಪ್ಪದವರು ಇದ್ದಾರೆ. ಅವರೆಲ್ಲರ ಮುಂದೆ ನಿಂತು ದುಡಿದ ಜೆ. ಆರ್. ಡಿ. ಟಾಟಾ ಅವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.